ದರ್ಶನಕ್ಕಿಟ್ಟ ಓಲೆಗರಿ

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಆ ಹೆಸರು ಬಂದದ್ದು ಒಳಗಿರುವ ಪಾರ್ಶ್ವನಾಥನ ಬಿಂಬದಿಂದಲ್ಲ, ಅಲ್ಲಿ ಕಾಪಿಟ್ಟಿದ್ದ ಕೆಲವು ಓಲೆಗರಿಯ ಕಟ್ಟುಗಳಿಂದ. ಧವಲಾ, ಜಯಧವಲಾ, ಮಹಾಧವಲಾ ಎಂದು ಜನ ಕರೆಯುವ ಈ ಮೂರು ಗ್ರಂಥಗಳಿಗೆ ದಿಗಂಬರ ಜೈನರಲ್ಲಿ ಆಗಮದ ಸ್ಥಾನವಿದೆ. ಇವುಗಳ ಹಳೆಯ ಪ್ರತಿ ಇಡೀ ದೇಶದಲ್ಲಿ ಉಳಿದದ್ದು ಈ ಒಂದು ಊರಿನಲ್ಲಿ ಮಾತ್ರ. ಚಾರ್ಮಾಡಿ ಘಟ್ಟ ಇಳಿದು ಮುಂಡಾಜೆ, ಉಜಿರೆಗಳನ್ನು ದಾಟಿ ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಸಾಗುವ ಜೈನ ಯಾತ್ರಿಕರಿಗೆ ಸಾವಿರ ಕಂಬದ ಬಸದಿಯಷ್ಟೇ ಮುಖ್ಯವಾದದ್ದು ಈ ಬಸದಿಯ ಸಿದ್ಧಾಂತ ದರ್ಶನ. ಕಾಣಿಕೆ ಸಲ್ಲಿಸಿದವರಿಗೆ ರತ್ನದ ಜಿನಬಿಂಬಗಳ ಜೊತೆಗೆ ಈ ಓಲೆಗಳನ್ನೂ ತೋರಿಸುತ್ತಿದ್ದರು. ಭಕ್ತರು ಕೈಮುಗಿದು ಹೊರಡುತ್ತಿದ್ದರು. ಗರಿಯಲ್ಲಿ ಏನು ಬರೆದಿದೆ ಎಂದು ಕೇಳುವ ರೂಢಿ ಇರಲಿಲ್ಲ. ಕೇಳಿದರೂ ಹೇಳಬಲ್ಲವರು ಬೆರಳೆಣಿಕೆಯಷ್ಟಿದ್ದರು.

ಧವಲಾದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಕಳೆದುಹೋಗಿ ಸಿಕ್ಕಿದ ನಿಧಿಯ ಕಥೆಯಾಗಿ ಹೇಳುತ್ತಾರೆ. ಇಂದಿನ ಹುಡುಗರು ಆಡುವ ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳ ಕಥೆಯೂ ಇದೇ ಅಚ್ಚಿನದು. ಎಲ್ಲೋ ಒಂದು ಗುಹೆಯಲ್ಲೋ ಗುಡಿಯಲ್ಲೋ ಒಂದು ಸುರುಳಿ ಇದೆ, ಕಾವಲಿದೆ, ನಾಯಕ ಅದನ್ನು ಹುಡುಕಿ ತರಬೇಕು. 2011ರಲ್ಲಿ ಬಂದ ‘ಸ್ಕೈರಿಮ್’ ಎಂಬ ಗೇಮ್‌ನಲ್ಲಿ ‘ಎಲ್ಡರ್ ಸ್ಕ್ರೋಲ್’ ಎಂಬ ಇಂಥ ಒಂದು ಸುರುಳಿಯಿದೆ. ದೀಕ್ಷೆ ಪಡೆದ ಪೂಜಾರಿಗಳು ಅದನ್ನು ಓದುತ್ತಾರೆ, ಓದುತ್ತ ಓದುತ್ತ ಅವರ ಕಣ್ಣು ಹೋಗುತ್ತದೆ. ಆ ಗೇಮ್ ಕಟ್ಟಿದವರಿಗೆ ಮೂಡುಬಿದಿರೆಯ ಹೆಸರು ಕಿವಿಗೆ ಬಿದ್ದಿರಲಾರದು, ಆದರೂ ಪವಿತ್ರ ಬರಹದ ಸುತ್ತ ಮನುಷ್ಯರು ಹಾಕುವ ಬೇಲಿಯ ಬಗೆ ಅವರಿಗೆ ಚೆನ್ನಾಗಿಯೇ ಗೊತ್ತಿದೆ. ಆದರೆ ಹುಡುಕಾಟದ ಚೌಕಟ್ಟು ಮೂಡುಬಿದಿರೆಗೆ ಒಪ್ಪುವುದಿಲ್ಲ. ಧವಲಾ ಎಂದೂ ಕಳೆದುಹೋಗಿರಲಿಲ್ಲ. ಅದು ಎಲ್ಲಿದೆ ಎಂಬುದು ಮುಂಬಯಿಯ ವ್ಯಾಪಾರಿಗೂ ಜಯಪುರದ ಪಂಡಿತನಿಗೂ ತಿಳಿದಿತ್ತು. ಕಳೆದುಹೋದದ್ದು ಅದನ್ನು ನಕಲು ಮಾಡುವ ಪದ್ಧತಿ. ಒಂದು ಕಾಲಕ್ಕೆ ಬರೆಸಿ ಹಂಚುವುದೇ ಪುಣ್ಯವೆನಿಸಿದ್ದ ಗ್ರಂಥ, ಮುಂದೊಂದು ಕಾಲಕ್ಕೆ ನೋಡಿ ನಮಿಸುವುದೇ ಪುಣ್ಯವೆನಿಸುವ ವಸ್ತುವಾಯಿತು. ಇಲ್ಲಿ ಬರೆಯಬೇಕಾದ ಚರಿತ್ರೆ ಆ ಬದಲಾವಣೆಯದು.

ಗ್ರಂಥಗಳ ಹುಟ್ಟಿನ ಕಥೆಯಲ್ಲೇ ಮರೆವಿನ ಭಯವಿದೆ. ಗಿರಿನಾರದ ಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಂದಿಗೆ ಜ್ಞಾನವೂ ಅಳಿದೀತೆಂದು ಅಂಜಿ ದಕ್ಷಿಣದ ಮುನಿಸಂಘದಿಂದ ಇಬ್ಬರು ಶಿಷ್ಯರನ್ನು ಕರೆಸಿಕೊಂಡರು, ಆ ಪುಷ್ಪದಂತ ಮತ್ತು ಭೂತಬಲಿ ಷಟ್ಖಂಡಾಗಮವನ್ನು ಬರಹಕ್ಕಿಳಿಸಿದರು ಎಂದು ಪರಂಪರೆ ಹೇಳುತ್ತದೆ. ಅದು ಮುಗಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಜೈನರು ಇಂದಿಗೂ ಆಚರಿಸುತ್ತಾರೆ. ಕಿವಿಯಿಂದ ಕಿವಿಗೆ ಬಂದದ್ದನ್ನು ಗರಿಗೆ ಇಳಿಸಿದ್ದೇ ಒಂದು ಹಬ್ಬವಾದದ್ದು ಗಮನಿಸಬೇಕಾದ ಸಂಗತಿ. ಆರು ಖಂಡಗಳಲ್ಲಿ ಐದಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಲಾ; ಪ್ರಾಕೃತ ಸಂಸ್ಕೃತಗಳ ಬೆರಕೆಯಲ್ಲಿ 72,000 ಶ್ಲೋಕಗಳ ಗಾತ್ರದ್ದು. ಗುಣಧರರ ಕಷಾಯಪಾಹುಡಕ್ಕೆ ಅವರು ಆರಂಭಿಸಿದ ಟೀಕೆ ಜಯಧವಲಾ. 20,000 ಶ್ಲೋಕದಷ್ಟಾಗುವ ಹೊತ್ತಿಗೆ ಅವರು ತೀರಿಕೊಂಡರು. ಉಳಿದ 40,000ವನ್ನು ಶಿಷ್ಯ ಜಿನಸೇನರು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಮುಗಿಸಿದರು. ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲಾ ಎಂಬ ಹೆಸರು ರೂಢಿಯಲ್ಲಿ ಬಂತು. ಇವೆಲ್ಲ ಬರೀ ಭಕ್ತಿಯ ಬರಹಗಳಲ್ಲ. ಜೀವ, ಕರ್ಮ, ಬಂಧಗಳನ್ನು ಎಣಿಸಿ ಅಳೆದು ಹೇಳುವ ಹಟ ಇವುಗಳದು. ಎಣಿಕೆ ಮುಗಿಯುವ ರಾಶಿ, ಮುಗಿಯದ ರಾಶಿ, ಅನಂತದೊಳಗೂ ಹಲವು ಬಗೆ ಎಂದು ವೀರಸೇನರು ಲೆಕ್ಕ ಹಾಕುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಅರ್ಧಚ್ಛೇದದ ಲೆಕ್ಕ ಇಂದಿನ ಲಾಗರಿದಮ್‌ಗೆ ಹತ್ತಿರವಾದದ್ದು ಎಂದು ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ 1940ರ ದಶಕದಲ್ಲಿ ತೋರಿಸಿದರು. ದರ್ಶನಕ್ಕೆ ಬಂದವರು ಕೈಮುಗಿಯುತ್ತಿದ್ದ ಗರಿಗಳೊಳಗೆ ಇದೂ ಇತ್ತು.

ಈಗ ಮೂಡುಬಿದಿರೆಯಲ್ಲಿರುವ ಪ್ರತಿಗಳು ವೀರಸೇನರ ಕಾಲದವಲ್ಲ. 12ನೇ ಶತಮಾನದ ಮೊದಲ ದಶಕಗಳಲ್ಲಿ ಘಟ್ಟದ ಮೇಲೆ ಹಳಗನ್ನಡ ಲಿಪಿಯಲ್ಲಿ ಬರೆದವು. ಬರೆಸಿದವರು ಯಾರು ಎಂಬುದು ಗರಿಗಳ ಪ್ರಶಸ್ತಿಪದ್ಯಗಳಲ್ಲೇ ಇದೆ. ಧವಲಾವನ್ನು ಬರೆಸಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದವಳು ದೇಮಿಯಕ್ಕ. ಮಹಾಬಂಧವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಆಕೆ ಅದನ್ನು ಮಾಡಿದ್ದು ಶ್ರೀಪಂಚಮಿ ವ್ರತದ ಉದ್ಯಾಪನೆಗೆಂದು. ವ್ರತ ಮುಗಿದಾಗ ಒಂದು ಗ್ರಂಥದ ಹೊಸ ಪ್ರತಿ ಮಾಡಿಸಿ ಓದಬಲ್ಲವರ ಕೈಗೆ ಕೊಡುವುದು ಶಾಸ್ತ್ರದಾನ. ಇವರಿಗಿಂತ ಒಂದು ಶತಮಾನ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದೂ ಇದೇ ದಾನವೇ. ಅತ್ತಿಮಬ್ಬೆಯ ಹೆಸರನ್ನು ನಾವು ಶಾಲೆಯಲ್ಲೇ ಕಲಿಯುತ್ತೇವೆ, ದೇಮಿಯಕ್ಕ ಮಲ್ಲಿಕಬ್ಬೆಯರ ಹೆಸರು ಪಂಡಿತರ ಪೀಠಿಕೆಗಳಾಚೆ ಬಂದಿಲ್ಲ. ಇದು ಅನ್ಯಾಯವೆಂದೇ ನನಗನ್ನಿಸುತ್ತದೆ, ಏಕೆಂದರೆ ಶಾಂತಿಪುರಾಣ ಉಳಿಯಲು ಬೇರೆ ದಾರಿಗಳಿದ್ದವು, ಧವಲಾ ಉಳಿದದ್ದು ಈ ಒಂದೇ ದಾರಿಯಲ್ಲಿ. ಕಂಟದಿಂದ ಕೊರೆಯದೆ ಮಸಿಯಲ್ಲಿ ಬರೆದ ಗರಿಗಳಿವು; ಕೆಲವದರ ಮೇಲೆ ಬಣ್ಣದ ಚಿತ್ರಗಳೂ ಇವೆ. ದಕ್ಷಿಣದಲ್ಲಿ ಉಳಿದಿರುವ ಓಲೆಗರಿ ಚಿತ್ರಗಳಲ್ಲಿ ಇವು ತೀರ ಹಳೆಯವು. ಆ ಚಿತ್ರಗಳಲ್ಲಿ ಜಿನ, ಯಕ್ಷಿಯರ ಜೊತೆಗೆ ಭಕ್ತರೂ ಇದ್ದಾರೆ. ಗ್ರಂಥ ಎಂದರೆ ಬರೆಸುವವರು, ಬರೆಯುವವರು, ಓದುವವರು, ಮತ್ತೆ ಬರೆಸುವವರು ಎಂಬ ಒಂದು ಸುತ್ತು ಎಂದು ಆ ಕಾಲ ತಿಳಿದಿತ್ತು.

ಆ ಸುತ್ತು ಕಡಿದದ್ದು ಏಕೆ? ಮಠಗಳ ಜಿಪುಣತನ ಎಂಬ ಸುಲಭದ ಉತ್ತರಕ್ಕೆ ಮುಂಚೆ ಎರಡು ಕಾರಣಗಳನ್ನು ನೋಡಬೇಕು. ಮೊದಲನೆಯದು ಒಂದು ಒಳ್ಳೆಯ ಪುಸ್ತಕ. 10ನೇ ಶತಮಾನದ ಕೊನೆಯಲ್ಲಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಸಾಗರದ ಸಾರವನ್ನೆಲ್ಲ ಹಿಂಡಿ ಗೊಮ್ಮಟಸಾರ ಬರೆದರು. ಚಕ್ರವರ್ತಿ ಆರು ಖಂಡದ ಭೂಮಿಯನ್ನು ಗೆದ್ದಂತೆ ಆರು ಖಂಡದ ಆಗಮವನ್ನು ಸಾಧಿಸಿದವರು ಎಂಬುದೇ ಆ ಬಿರುದಿನ ಅರ್ಥ. ಸಾರ ಸಿಕ್ಕ ಮೇಲೆ 72,000 ಶ್ಲೋಕದ ಮೂಲವನ್ನು ಯಾರು ಓದಿಯಾರು? ಪಾಠ ಗೊಮ್ಮಟಸಾರದ್ದಾಯಿತು, ಟೀಕೆಗಳು ಗೊಮ್ಮಟಸಾರಕ್ಕೆ ಹುಟ್ಟಿದವು. 18ನೇ ಶತಮಾನದಲ್ಲಿ ಜಯಪುರದ ಟೋಡರಮಲ್ಲರು ಹಿಂದಿಯ ನುಡಿಯಲ್ಲಿ ಬರೆದ ದೊಡ್ಡ ವ್ಯಾಖ್ಯಾನವೂ ಅದಕ್ಕೇ. ಓದುವವರಿಲ್ಲದ ಗ್ರಂಥವನ್ನು ನಕಲು ಮಾಡಿಸುವವರೂ ಇರುವುದಿಲ್ಲ. ಎರಡನೆಯ ಕಾರಣ ರಾಜಕೀಯದ್ದು. ಘಟ್ಟದ ಮೇಲೆ ಜೈನರಿಗಿದ್ದ ಅರಸರ ಆಸರೆ ಕುಗ್ಗುತ್ತ ಬಂದಾಗ ತುಳುನಾಡಿನಲ್ಲಿ ಅದು ಉಳಿದಿತ್ತು. ಮುಂಡಾಜೆಗೆ ಹತ್ತಿರದ ಬಂಗಾಡಿಯ ಬಂಗರು, 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ಅಜಿಲರು, ಮೂಡುಬಿದಿರೆಯ ಚೌಟರು ಎಲ್ಲರೂ ಜೈನ ಮನೆತನದವರು. 1430ರಲ್ಲಿ ಸಾವಿರ ಕಂಬದ ಬಸದಿ ಎದ್ದ ಊರಿಗೆ ಘಟ್ಟದ ಮೇಲಿನ ಗರಿಗಳು ಬಂದು ಸೇರಿದ್ದು ಸಹಜವೇ. ಆದರೆ ಆಸರೆಗಾಗಿ ತಂದಿಟ್ಟ ವಸ್ತು ಕಾವಲಿನ ವಸ್ತುವಾಗುತ್ತದೆ. ಅದರ ಮೇಲೆ ಗೃಹಸ್ಥರು ಸಿದ್ಧಾಂತ ಗ್ರಂಥ ಓದಬಾರದೆಂಬ ನಿಯಮವೂ ಸೇರಿತು. ಮುನಿಗಳೇ ವಿರಳವಾದ ಕಾಲದಲ್ಲಿ ಆ ನಿಯಮಕ್ಕೆ ಒಂದೇ ಅರ್ಥ: ಯಾರೂ ಓದಬಾರದು.

1883ರಲ್ಲಿ ಮುಂಬಯಿಯ ಜವಾಹಿರ ವ್ಯಾಪಾರಿ ಮಾಣಿಕಚಂದ ಹೀರಾಚಂದರು ಯಾತ್ರೆಗೆಂದು ಮೂಡುಬಿದಿರೆಗೆ ಬಂದರು. ರತ್ನ ಪರೀಕ್ಷೆ ಅವರ ಕಸುಬು. ಆದರೂ ರತ್ನಬಿಂಬಗಳಿಗಿಂತ ಅವರ ಮನಸ್ಸನ್ನು ಹಿಡಿದದ್ದು ಜೀರ್ಣವಾಗುತ್ತಿದ್ದ ಗರಿಗಳು. ಸೊಲ್ಲಾಪುರದ ಗೆಳೆಯ ಹೀರಾಚಂದ ನೇಮಚಂದರಿಗೆ ಅವರು ಈ ಸಂಗತಿ ತಿಳಿಸಿದರು. ಇವರು ‘ಜೈನ ಬೋಧಕ’ ಪತ್ರಿಕೆ ನಡೆಸಿದವರು. ತಾವೂ ಮೂಡುಬಿದಿರೆಗೆ ಬಂದು ನೋಡಿದರು. ಹಳೆಯ ಲಿಪಿಯನ್ನು ಓದಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಸೇರಿಸಿಕೊಂಡದ್ದಾಯಿತು. ಅಜಮೇರದ ಮೂಲಚಂದ ಸೋನಿಯವರೂ ಪಂಡಿತರೊಂದಿಗೆ ಬಂದು ಪ್ರಯತ್ನಪಟ್ಟು ಹೋದರು. ಹಣ ಕೂಡಿಸಿ, ಒಪ್ಪಿಗೆ ಪಡೆದು, ನಕಲಿನ ಕೆಲಸ ನಿಂತು ನಿಂತು ಸಾಗಿದ್ದು 1890ರ ದಶಕದ ನಡುವಿನಿಂದ ಈಚೆಗೆ. ಬ್ರಹ್ಮಸೂರಿ ಶಾಸ್ತ್ರಿಗಳು ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. ಅವರೊಂದಿಗೆ ಮಿರಜಿನಿಂದ ಬಂದಿದ್ದ ಗಜಪತಿ ಉಪಾಧ್ಯಾಯರು ನಾಗರಿ ಪ್ರತಿಯನ್ನು ಮುಂದುವರಿಸಿದರು. ಸ್ಥಳೀಯ ಲಿಪಿಕಾರರು ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿದರು. ಕೊನೆಗೆ ಮಹಾಧವಲಾದ ನಾಗರಿ ನಕಲನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು 1922ರಲ್ಲಿ ಮುಗಿಸಿದರು. ಇಷ್ಟೆಲ್ಲ ಆದಮೇಲೂ ಷರತ್ತು ಒಂದೇ: ಪ್ರತಿಗಳು ಮೂಡುಬಿದಿರೆ ಬಿಟ್ಟು ಹೋಗಕೂಡದು. ಹಳೆಯ ಗರಿಯ ಪಕ್ಕಕ್ಕೆ ಹೊಸ ಕಾಗದ ಬಂತು, ಓದುಗ ಬರಲಿಲ್ಲ.

ಓದುಗರಿಗೆ ಧವಲಾ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಗಜಪತಿ ಉಪಾಧ್ಯಾಯರು ಹಗಲು ಮಠದ ಕೆಲಸಕ್ಕೆ ನಾಗರಿಯಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯ ಮತ್ತೊಂದು ಪ್ರತಿ ಬೆಳೆಯುತ್ತಿತ್ತು. ಅದಕ್ಕೆ ಕೈಜೋಡಿಸಿದವರು ಅವರ ಮಡದಿ ಲಕ್ಷ್ಮೀಬಾಯಿ.  ಆ ಪ್ರತಿಯನ್ನು ಉಪಾಧ್ಯಾಯರು ಮಾಣಿಕಚಂದರಿಗೂ ಹೀರಾಚಂದರಿಗೂ ಕೊಡಹೋದರು. ಕದ್ದು ಮಾಡಿದ್ದನ್ನು ಕೊಳ್ಳಲಾರೆವೆಂದು ಇಬ್ಬರೂ ಹಿಂದೆ ಸರಿದರು. ಕೊಂಡವರು ಸಹಾರನಪುರದ ಲಾಲಾ ಜಂಬೂಪ್ರಸಾದರು. ತಮ್ಮ ಮಂದಿರದಲ್ಲಿ ಇಟ್ಟುಕೊಂಡರು. ಕನ್ನಡ ಲಿಪಿ ಅಲ್ಲಿನವರಿಗೆ ಓದಲು ಬಾರದು, ಆದ್ದರಿಂದ ನಾಗರಿಗೆ ಇಳಿಸಲು ಪಂಡಿತರನ್ನು ನೇಮಿಸಿದರು. ಅವರಲ್ಲೊಬ್ಬರಾದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ನಕಲು ಇಟ್ಟುಕೊಂಡರು. ಆರಾ, ಕಾರಂಜಾ, ಸಾಗರ್ ಮೊದಲಾದ ಕಡೆಯ ಭಂಡಾರಗಳಿಗೆ ಹೋದ ಪ್ರತಿಗಳ ಮೂಲ ಅದು. ಗುಟ್ಟಿನ ಪ್ರತಿಯಿಂದಲೇ ಇನ್ನೊಂದು ಗುಟ್ಟಿನ ಪ್ರತಿ ಹುಟ್ಟಿತು.

ಇದನ್ನು ಮೆಚ್ಚುವುದೋ ತೆಗಳುವುದೋ ಎಂಬಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಇದು ನಂಬಿಕೆದ್ರೋಹ, ಇದನ್ನು ಚರಿತ್ರೆಯ ಸೇವೆಯೆಂದು ಹೊಗಳಬಾರದು ಎಂಬುದು ಒಂದು. ಒಪ್ಪಬೇಕಾದ ಮಾತೇ. ಉಪಾಧ್ಯಾಯರು ಕೂಲಿ ಪಡೆದು ಮಾಡಿದ ಕೆಲಸದ ನೆರಳಿನಲ್ಲಿ ತಮ್ಮ ಸರಕು ಮಾಡಿಕೊಂಡರು. ಹಣದ ಆಸೆ ಇರಲಿಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ಆ ಸರಕಿಗೆ ಬೆಲೆ ಬಂದದ್ದು ಹೇಗೆಂಬುದನ್ನೂ ಕೇಳಬೇಕು. ಮಠ ತನ್ನ ಒಪ್ಪಿಗೆಯ ಒಂದೇ ಒಂದು ಪ್ರತಿಯನ್ನು ಮುಂಬಯಿಗೋ ಸೊಲ್ಲಾಪುರಕ್ಕೋ ಕಳಿಸಿದ್ದರೆ ಗುಟ್ಟಿನ ಪ್ರತಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ಮಠದವರು ಬಚ್ಚಿಟ್ಟರು, ಅವರೇ ಖಳರು. ಇದನ್ನು ನಾನು ಒಪ್ಪುವುದಿಲ್ಲ. ಘಟ್ಟದ ಮೇಲೆ ಈ ಗ್ರಂಥಗಳನ್ನು ಓದಿದ ನೆಲೆಗಳೆಲ್ಲ ಇದ್ದವು, ಅಲ್ಲೆಲ್ಲ ಪ್ರತಿಗಳು ಅಳಿದವು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ, ಗೆದ್ದಲು ಬೂಷ್ಟುಗಳ ಈ ನೆಲದಲ್ಲಿ ಶತಮಾನಗಳ ಕಾಲ ಗರಿ ಉಳಿದದ್ದು ಯಾರೋ ಪ್ರತಿ ಪೀಳಿಗೆಯಲ್ಲೂ ಬಟ್ಟೆ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದ್ದರಿಂದ. ಪೂಜೆ ಇರದಿದ್ದರೆ ಆ ಶ್ರದ್ಧೆ ಇರುತ್ತಿರಲಿಲ್ಲ. ಕಳ್ಳರ ಭಯವೂ ಕಲ್ಪನೆಯದಲ್ಲ, 2013ರ ಜುಲೈಯಲ್ಲಿ ಇದೇ ಸಿದ್ಧಾಂತ ಬಸದಿಯಿಂದ ಬೆಲೆಬಾಳುವ ಜಿನಬಿಂಬಗಳು ಕಳುವಾದವು. ದರ್ಶನದ ಪದ್ಧತಿ ಗರಿಯನ್ನು ಉಳಿಸಿತು ಎಂಬುದು ನಿಜ. ಬರಹವನ್ನು ಉಳಿಸಲು ಅದೊಂದೇ ಸಾಲಲಿಲ್ಲ ಎಂಬುದೂ ಅಷ್ಟೇ ನಿಜ. ಮಾಣಿಕಚಂದರು ಕಂಡಾಗ ಗರಿಗಳು ಜೀರ್ಣವಾಗುತ್ತಿದ್ದವು. ಇನ್ನೊಂದು ಶತಮಾನ ಬರೀ ಆರತಿಯಲ್ಲಿ ಕಳೆದಿದ್ದರೆ ಕೈಮುಗಿಯಲು ಪುಡಿ ಮಾತ್ರ ಉಳಿಯುತ್ತಿತ್ತು.

ಗುಟ್ಟಿನ ಪ್ರತಿಗಳ ಮರಿಮಕ್ಕಳನ್ನು ಇಟ್ಟುಕೊಂಡು ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಹಿಂದಿ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ನಮ್ಮ ಸದಲಗದ ಆ.ನೇ. ಉಪಾಧ್ಯೆಯವರು ಸಂಪಾದನೆಗೆ ನೆರವಾದರು. ಸಿದ್ಧಾಂತವನ್ನು ಅಚ್ಚು ಹಾಕುವುದೇ ತಪ್ಪು ಎಂಬ ಕೂಗು ಇನ್ನೂ ಅಡಗಿರದ ಕಾಲ ಅದು. ಆ ಸಂಪುಟದಲ್ಲೇ ಒಂದು ತೊಡಕು ಎದುರಾಯಿತು, ನನ್ನ ಮಾತಿಗೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ. ಷಟ್ಖಂಡಾಗಮದ ಮೊದಲ ಭಾಗವಾದ ಸತ್ಪ್ರರೂಪಣೆಯ 93ನೇ ಸೂತ್ರ ಹೆಣ್ಣಿಗೆ ಯಾವ ಯಾವ ಗುಣಸ್ಥಾನಗಳು, ಎಂದರೆ ಆತ್ಮದ ಏರಿಕೆಯ ಮೆಟ್ಟಿಲುಗಳು, ಸಲ್ಲುತ್ತವೆ ಎಂಬುದನ್ನು ಹೇಳುತ್ತದೆ. ಸಂಪಾದಕರ ಕೈಲಿದ್ದ ಪ್ರತಿಗಳಲ್ಲಿ ‘ಸಂಜದ’, ಎಂದರೆ ಪೂರ್ಣ ಸಂಯಮಿ, ಎಂಬ ಪದವಿರಲಿಲ್ಲ. ಟೀಕೆಯ ವಾದವನ್ನು ನೋಡಿದರೆ ಅದು ಇರಲೇಬೇಕು ಎಂದು ಅವರಿಗೆ ತೋರಿತು, ಅಡಿಟಿಪ್ಪಣಿಯಲ್ಲಿ ಹಾಗೆಂದು ಸೂಚಿಸಿದರು. ಹೆಣ್ಣಿಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲ ಎನ್ನುವುದು ದಿಗಂಬರರ ನಿಲುವು. ಆದ್ದರಿಂದ ಒಂದು ಪದಕ್ಕೆ ಪಂಡಿತರ ನಡುವೆ ದೊಡ್ಡ ಜಗಳವೇ ಎದ್ದಿತು. ಈ ಸೂತ್ರ ಹೇಳುವುದು ಭಾವದ ಸ್ತ್ರೀತ್ವವನ್ನು, ದೇಹದ್ದನ್ನಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಪದ ಸೇರಿಸಿದ್ದೇ ಅಪಚಾರ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಅಚ್ಚಾದ ಪುಸ್ತಕವನ್ನು ಕಂಡ ಮೂಡುಬಿದಿರೆಯವರ ಮನಸ್ಸು ಕರಗಿತ್ತು. ಭಟ್ಟಾರಕರೂ ಪಂಚರೂ ಒಪ್ಪಿ ಮೂಲ ಗರಿಗಳೊಂದಿಗೆ ಪಾಠ ಹೋಲಿಸಲು ಅನುವು ಮಾಡಿಕೊಟ್ಟರು. ಲೋಕನಾಥ ಶಾಸ್ತ್ರಿಗಳು ಗರಿ ತೆರೆದು ನೋಡಿದರು. ಪದ ಅಲ್ಲಿತ್ತು. ನಕಲಿನಿಂದ ನಕಲಿಗೆ ಇಳಿಯುವಾಗ ಜಾರಿಹೋಗಿತ್ತು, ಅಷ್ಟೆ. ಮಹಾಬಂಧವನ್ನು ಕಾಶಿಯ ಭಾರತೀಯ ಜ್ಞಾನಪೀಠ 1947ರಿಂದ, ಜಯಧವಲಾವನ್ನು ಮಥುರೆಯ ದಿಗಂಬರ ಜೈನ ಸಂಘ 1944ರಿಂದ ಹೊರತರತೊಡಗಿದವು. ಜಯಧವಲಾದ 16ನೇ ಸಂಪುಟ ಬಂದದ್ದು 1988ರಲ್ಲಿ.

ಅಚ್ಚಾಗಿ ಎಲ್ಲರ ಕೈಗೂ ಬಂದಮೇಲೆ ಗರಿಯ ಹಂಗೇಕೆ ಎಂಬ ಪ್ರಶ್ನೆಗೂ, ಗರಿ ಇರುವಾಗ ಅಚ್ಚಿನ ಹಂಗೇಕೆ ಎಂಬ ಪ್ರಶ್ನೆಗೂ 93ನೇ ಸೂತ್ರವೇ ಉತ್ತರ. ಅಚ್ಚಾಗದಿದ್ದರೆ ಯಾರೂ ಆ ಸಾಲನ್ನು ಪ್ರಶ್ನಿಸುತ್ತಿರಲಿಲ್ಲ. ಗರಿ ಇರದಿದ್ದರೆ ಪ್ರಶ್ನೆ ತೀರ್ಮಾನವಾಗುತ್ತಿರಲಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಮೂಡುಬಿದಿರೆ, ಕಾರ್ಕಳ ಮೊದಲಾದ ಊರುಗಳ ಭಂಡಾರಗಳ ಗರಿಕಟ್ಟುಗಳನ್ನು ಬಿಚ್ಚಿ ನೋಡಿ ಅವರು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿ 1948ರಲ್ಲಿ ಪ್ರಕಟವಾಯಿತು. ಯಾವ ಕಟ್ಟಿನಲ್ಲಿ ಏನಿದೆ ಎಂದು ಹೇಳುವ ಆ ಪಟ್ಟಿ, ದರ್ಶನದ ವಸ್ತುಗಳನ್ನು ಮತ್ತೆ ಗ್ರಂಥಗಳನ್ನಾಗಿ ಮಾಡಿದ ಕೆಲಸ. ಆದರೂ ಒಂದು ವಿಪರ್ಯಾಸ ಬಹಳ ಕಾಲ ಉಳಿಯಿತು: ಕನ್ನಡದ ಹೆಣ್ಣುಮಕ್ಕಳು ಕನ್ನಡ ಲಿಪಿಯಲ್ಲಿ ಬರೆಸಿದ, ಕನ್ನಡ ನಾಡೇ ಉಳಿಸಿದ ಗ್ರಂಥವನ್ನು ಕನ್ನಡಿಗ ಓದಬೇಕಾದರೆ ಹಿಂದಿಯಲ್ಲಿ ಓದಬೇಕಿತ್ತು. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ ಅದನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದು ತೀರ ಈಚೆಗೆ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಹಳೆಯ ಮನೆಗಳಲ್ಲಿ ಓಲೆಗರಿ ಕಟ್ಟುಗಳಿದ್ದರೆ ಅವು ಧವಲಾ ಆಗಿರಲಿಕ್ಕಿಲ್ಲ. ವೈದ್ಯ, ಜ್ಯೋತಿಷ, ಯಕ್ಷಗಾನ ಪ್ರಸಂಗ, ಗೇಣಿಯ ಲೆಕ್ಕ ಇರಬಹುದು. ನವರಾತ್ರಿಯ ಶಾರದಾಪೂಜೆಗೆ ಕೆಳಗಿಳಿಸಿ ಕುಂಕುಮವಿಟ್ಟು ಮತ್ತೆ ಅಟ್ಟಕ್ಕೇರಿಸುವ ರೂಢಿಯನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಧರ್ಮಸ್ಥಳದಲ್ಲಿ ಹಸ್ತಪ್ರತಿಗಳಿಗೆಂದೇ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನವಿದೆ, ಮೂಡುಬಿದಿರೆಯ ಜೈನಮಠದಲ್ಲಿ ಶ್ರೀಮತಿ ರಮಾರಾಣಿ ಜೈನ್ ಶೋಧಸಂಸ್ಥಾನವಿದೆ. ಈ ಊರುಗಳಿಂದ ಎರಡೂ ದೂರವಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಕಟ್ಟನ್ನು ಒಮ್ಮೆ ಬಿಚ್ಚಿ, ಓದಬಲ್ಲವರಿಗೆ ತೋರಿಸಿ, ಪ್ರತಿಯೊಂದು ಗರಿಯ ಫೋಟೊ ತೆಗೆಸಿಟ್ಟುಕೊಳ್ಳಿ. ಗರಿ ನಿಮ್ಮ ಮನೆಯಲ್ಲೇ ಇರಲಿ, ಅದರ ಪ್ರತಿ ಮಾತ್ರ ಇನ್ನೊಂದು ಕಡೆಯೂ ಇರಲಿ.